ನೋವು ಹೋದ ಮೇಲೆ, ನೋವಿದ್ದರೂ

ನಮ್ಮಪ್ಪ 14 ತಿಂಗಳ ಕಾಲ ಒಂದೇ ಮಾತು ಹೇಳಿಕೊಂಡು ಬಂದರು. “ಈ ನೋವೊಂದು ಹೋಗ್ಲಿ ಕಣಮ್ಮ, ಆಮೇಲೆ ಏಳ್ತೀನಿ.”

ತಿಪಟೂರು ಸೀಮೆಯ ತೆಂಗಿನ ತೋಟದ ಮನುಷ್ಯ ಅವರು. ಒಂದು ಬೆಳಗ್ಗೆ ಕಾಯಿ ಚೀಲ ಎತ್ತಲು ಹೋದಾಗ ಸೊಂಟ ಹಿಡಿದುಕೊಂಡಿತು. ಎರಡು ದಿನದಲ್ಲಿ ಸರಿಹೋಗುತ್ತೆ ಅಂದುಕೊಂಡರು. ಹೋಗಲಿಲ್ಲ. ಸ್ಕ್ಯಾನ್ ಆಯಿತು, ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟ್ ಬಂತು. ಬಗ್ಗಬೇಡಿ, ಭಾರ ಎತ್ತಬೇಡಿ, ಹಲಗೆ ಮೇಲೆ ಮಲಗಿ, ರೆಸ್ಟ್ ತಗೊಳ್ಳಿ ಅಂದರು. ಮೂರು ವಾರದ ರೆಸ್ಟು ಮೂರು ತಿಂಗಳಾಯಿತು, ಮೂರು ತಿಂಗಳು ವರ್ಷ ದಾಟಿತು. ತೋಟ ಗುತ್ತಿಗೆಗೆ ಹೋಯಿತು. ಅಪ್ಪನ ಪ್ರಪಂಚ ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಅಂತಾಯಿತು.

ಅಷ್ಟೂ ದಿನ ಅವರನ್ನು ನೋಡಿಕೊಂಡವಳು ನಾನು. ಕಾಫಿ ಮಂಚಕ್ಕೆ, ಊಟ ಮಂಚಕ್ಕೆ, ಪೇಪರ್ ಮಂಚಕ್ಕೆ. ಅವರು ಕಾಲು ಕೆಳಗಿಟ್ಟರೆ ಸಾಕು, “ಏನ್ ಬೇಕು ಹೇಳಿ, ನಾನ್ ತರ್ತೀನಿ” ಅಂತ ಓಡುತ್ತಿದ್ದೆ. “ಅಯ್ಯಮ್ಮಾ” ಅಂದರೆ ಒಲೆ ಮೇಲಿನ ಹಾಲು ಬಿಟ್ಟು ಬರುತ್ತಿದ್ದೆ. ಮಗಳು ಅಂದ್ರೆ ಹಿಂಗಿರಬೇಕು ಅನ್ನೋರು ಅಕ್ಕಪಕ್ಕದವರು. ನನಗೂ ಹಾಗೇ ಅನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ವೈದ್ಯೆ ಅಲ್ಲ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು. ಯಾವುದಾದರೂ ಬಗೆಹರಿಯದಿದ್ದರೆ ಅದರ ಹಿಂದಿನ ಕಥೆ ಹುಡುಕಿಕೊಂಡು ಹೋಗೋದು ನನ್ನ ಚಾಳಿ. ಆಗ ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಇದು: ಒಂದೇ ಊರಿನಲ್ಲಿ, ಒಂದೇ ಥರದ ಸೊಂಟನೋವು ಬಂದ ಇಬ್ಬರಲ್ಲಿ ಒಬ್ಬ ಆರು ತಿಂಗಳಲ್ಲಿ ಮತ್ತೆ ತೋಟಕ್ಕೆ ಹೋಗುತ್ತಾನೆ, ಇನ್ನೊಬ್ಬ ಮಂಚ ಬಿಡುವುದಿಲ್ಲ. ಯಾಕೆ? ಯಾರು ಏಳುತ್ತಾರೆ ಅನ್ನೋದಕ್ಕೆ ಏನಾದರೂ ಸೂಚನೆ ಇರುತ್ತಾ? ಹುಡುಕಿದಾಗ ಸಿಕ್ಕಿದ ಚರಿತ್ರೆಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಅದರಲ್ಲಿ ನನ್ನ ಪಾತ್ರವೂ ಇತ್ತು ಅನ್ನೋದು ಓದುವಾಗಲೇ ಗೊತ್ತಾಗಿದ್ದು.

ಮೊದಲು ಈ ‘ರೆಸ್ಟ್’ ಎಲ್ಲಿಂದ ಬಂತು ನೋಡೋಣ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಜಾನ್ ಹಿಲ್ಟನ್ ಅನ್ನೋ ಶಸ್ತ್ರವೈದ್ಯ ಇದ್ದ. 1860ರಿಂದ 1862ರವರೆಗೆ ಅವನು ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಕೊಟ್ಟ ಉಪನ್ಯಾಸಗಳು 1863ರಲ್ಲಿ ಪುಸ್ತಕವಾದವು. ಮುಂದೆ ಅದು ‘ರೆಸ್ಟ್ ಅಂಡ್ ಪೇನ್’ ಅಂತಲೇ ಹೆಸರಾಯಿತು. ದೇಹ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತೆ, ನಾವು ಮಾಡಬೇಕಾದ್ದು ಅದಕ್ಕೆ ವಿಶ್ರಾಂತಿ ಕೊಡೋದು, ನೋವು ಅನ್ನೋದು ‘ಅಲ್ಲಾಡಬೇಡ’ ಅಂತ ದೇಹ ಕೊಡುವ ಆಜ್ಞೆ. ಇದು ಅವನ ವಾದದ ತಿರುಳು. ಅದೇ ಶತಮಾನದಲ್ಲಿ ಲಿವರ್‌ಪೂಲ್‌ನ ಹ್ಯೂ ಓವನ್ ಥಾಮಸ್ ಬಂದ. ಮೂಳೆ ಕೂರಿಸುವ ನಾಟಿ ವೈದ್ಯರ ಮನೆತನದಲ್ಲಿ ಹುಟ್ಟಿ ಡಾಕ್ಟರಾದವನು. ಮುರಿದ, ಕೆಟ್ಟ ಮೂಳೆಗೆ ದೀರ್ಘವಾದ, ಎಡೆಬಿಡದ ವಿಶ್ರಾಂತಿಯೇ ಮದ್ದು ಅಂದ. ಅವನ ಹೆಸರಿನ ಥಾಮಸ್ ಸ್ಪ್ಲಿಂಟ್ ಮೊದಲನೇ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಎಷ್ಟೋ ಸೈನಿಕರ ಜೀವ ಉಳಿಸಿತು.

ಇವರು ಹೇಳಿದ್ದು ತಪ್ಪಲ್ಲ. ಮುರಿದ ಮೂಳೆಗೆ, ಕ್ಷಯ ಹಿಡಿದ ಕೀಲಿಗೆ ಅದೇ ಸರಿ. ಆದರೆ ಮುರಿದ ಕಾಲಿನ ನಿಯಮವನ್ನು ಮುರಿಯದ ಬೆನ್ನಿಗೂ ಹಚ್ಚಿದರು. 1934ರಲ್ಲಿ ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಅನ್ನೋ ಇಬ್ಬರು ಸರ್ಜನ್ನರು, ಬೆನ್ನುಮೂಳೆಯ ನಡುವಿನ ಡಿಸ್ಕ್ ಹೊರಚಾಚಿ ನರ ಒತ್ತಿದರೆ ಕಾಲಿಗೆ ಇಳಿಯುವ ನೋವು ಬರುತ್ತೆ ಅಂತ ತೋರಿಸಿಕೊಟ್ಟರು. ಅದೂ ನಿಜವೇ. ಆದರೆ ಅಲ್ಲಿಂದ ಮುಂದೆ ಬೆನ್ನುನೋವು ಅಂದರೆ ಒಳಗೆ ಯಾವುದೋ ಪಾರ್ಟ್ ಕೆಟ್ಟಿದೆ, ಅದು ರಿಪೇರಿಯಾಗುವ ತನಕ ಅಲ್ಲಾಡಬಾರದು ಅನ್ನೋ ನಂಬಿಕೆ ಗಟ್ಟಿಯಾಯಿತು. ನಮ್ಮ ಮನೆಯ ಹಲಗೆ ಮಂಚಕ್ಕೂ ಆ ಹಳೇ ಲಂಡನ್ನಿಗೂ ಹೀಗೊಂದು ನಂಟು.

ಎಚ್ಚರಿಸಿದವರು ಇರಲಿಲ್ಲ ಅಂತೇನಲ್ಲ. 1947ರಲ್ಲೇ ರಿಚರ್ಡ್ ಆಶರ್ ಅನ್ನೋ ಲಂಡನ್ ವೈದ್ಯ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಹಾಸಿಗೆ ಹಿಡಿಯೋದರ ಅಪಾಯಗಳನ್ನೇ ಕುರಿತು ಲೇಖನ ಬರೆದ. ಮಾಂಸಖಂಡ ಸೊರಗುವುದು, ಕೀಲು ಬಿಗಿಯುವುದು, ರಕ್ತ ಹೆಪ್ಪುಗಟ್ಟುವುದು, ಕೊನೆಗೆ ಮನಸ್ಸೂ ಕುಗ್ಗಿಹೋಗುವುದು ಅಂತ ಒಂದೊಂದಾಗಿ ಹೇಳಿದ. ಆದರೂ ಬೆನ್ನುನೋವಿನವರ ಹಾಸಿಗೆ ಇನ್ನೂ 40 ವರ್ಷ ಹಾಗೇ ಉಳಿಯಿತು.

ಇನ್ನೊಂದು ಕಡೆ, ನೋವಿಗೂ ಗಾಯಕ್ಕೂ ಇರುವ ಲೆಕ್ಕವೇ ತಪ್ಪುತ್ತಿದೆ ಅನ್ನೋದು ಯುದ್ಧಭೂಮಿಯಲ್ಲಿ ಕಾಣಿಸಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಅನ್ನೋ ಹಾರ್ವರ್ಡ್‌ನ ಅರಿವಳಿಕೆ ತಜ್ಞ ಇಟಲಿಯ ರಣರಂಗದಲ್ಲಿ ಅಮೆರಿಕನ್ ಸೇನೆಯ ಜೊತೆಗಿದ್ದ. ತೀವ್ರವಾಗಿ ಗಾಯಗೊಂಡು ಬಂದ 215 ಸೈನಿಕರನ್ನು ನೋವಿದೆಯಾ, ನೋವಿಗೆ ಔಷಧಿ ಬೇಕಾ ಅಂತ ವಿಚಾರಿಸಿದ. ಮೂಳೆ ಪುಡಿಯಾದವರು, ಎದೆಗೆ ಹೊಟ್ಟೆಗೆ ಏಟು ಬಿದ್ದವರು ಅವರೆಲ್ಲ. ಸುಮಾರು ಮುಕ್ಕಾಲು ಪಾಲು ಜನ ಔಷಧಿ ಬೇಡ ಅಂದರು. ಇದನ್ನು ಅವನು 1946ರಲ್ಲಿ ಪ್ರಕಟಿಸಿದ. ಆಮೇಲೆ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ಸಾಮಾನ್ಯ ರೋಗಿಗಳ ಜೊತೆ ಹೋಲಿಸಿ ನೋಡಿದರೆ, ಅಲ್ಲಿ ಹೆಚ್ಚಿನವರು ಔಷಧಿ ಕೇಳುವವರೇ. ಸೈನಿಕನಿಗೆ ಆ ಗಾಯ ಅಂದರೆ ಸಾವಿನ ಬಾಯಿಂದ ಮನೆಗೆ ಹೋಗುವ ಟಿಕೆಟ್ಟು, ಊರಿನವನಿಗೆ ಆಪರೇಷನ್ ಅಂದರೆ ಬದುಕಿನ ಮೇಲೆ ಬಿದ್ದ ಬಂಡೆ. ಗಾಯಕ್ಕಿಂತ ಗಾಯದ ಅರ್ಥ ದೊಡ್ಡದು ಅಂತ ಬೀಚರ್ ತೀರ್ಮಾನಿಸಿದ.

ಇದು ಆಗತಾನೇ ಆದ ಗಾಯದ ಮಾತು, ವರ್ಷಗಟ್ಟಲೆ ಇರುವ ನೋವಿನದ್ದಲ್ಲ. ಆದರೂ ಬಾಗಿಲು ಅಲ್ಲೇ ತೆರೆದದ್ದು. 1965ರಲ್ಲಿ ಮೆಲ್‌ಜಾಕ್ ಮತ್ತು ವಾಲ್ ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ‘ಗೇಟ್’ ಸಿದ್ಧಾಂತ ಬರೆದರು. ನೋವಿನ ಸುದ್ದಿ ಟೆಲಿಫೋನ್ ತಂತಿಯ ಹಾಗೆ ನೇರ ಮೆದುಳಿಗೆ ಹೋಗೋದಿಲ್ಲ, ಬೆನ್ನುಹುರಿಯಲ್ಲಿ ಒಂದು ಗೇಟು ಇದೆ, ಆ ಗೇಟನ್ನು ಮೆದುಳೂ ಮೇಲಿಂದ ತೆಗೆಯಬಲ್ಲದು, ಮುಚ್ಚಬಲ್ಲದು ಅಂದರು. ಸಿದ್ಧಾಂತದ ವಿವರಗಳು ಮುಂದೆ ಎಷ್ಟೋ ಬದಲಾದವು. ಆದರೆ ಭಯ, ಗಮನ, ನೆನಪು ಇವೆಲ್ಲ ನೋವಿನ ಹೊರಗಿನ ಸಂಗತಿಗಳಲ್ಲ, ನೋವಿನ ಒಳಗೇ ಇವೆ ಅನ್ನೋದು ನಿಂತಿತು. ಇದನ್ನು ‘ನೋವೆಲ್ಲ ಮನಸ್ಸಿಂದು’ ಅಂತ ಓದಬೇಡಿ. ನೋವು ನಿಜ. ಆದರೆ ಅದು ಗಾಯ ಅಳೆಯುವ ಮೀಟರ್ ಅಲ್ಲ, ಅಷ್ಟೇ.

ಈಗ ಕಥೆ ಅಮೆರಿಕದ ಪಶ್ಚಿಮ ತುದಿಯ ಸಿಯಾಟಲ್‌ಗೆ ಹೋಗುತ್ತೆ. ಅಲ್ಲೊಬ್ಬ ಪೈಲ್ವಾನ್ ಇದ್ದ. ತಮಾಷೆಯಲ್ಲ, ನಿಜವಾದ ಪೈಲ್ವಾನ್. ಜಾನ್ ಬೊನಿಕಾ, ಇಟಲಿಯ ಪುಟ್ಟ ದ್ವೀಪವೊಂದರಲ್ಲಿ 1917ರಲ್ಲಿ ಹುಟ್ಟಿ ಚಿಕ್ಕವನಿದ್ದಾಗಲೇ ನ್ಯೂಯಾರ್ಕಿಗೆ ಬಂದವನು. ಮೆಡಿಕಲ್ ಓದಿನ ಖರ್ಚಿಗೆ ಮುಸುಕು ಹಾಕಿಕೊಂಡು ‘ಮಾಸ್ಕ್‌ಡ್ ಮಾರ್ವೆಲ್’ ಅನ್ನೋ ಹೆಸರಲ್ಲಿ ಕುಸ್ತಿ ಆಡಿದ. ಆ ಕುಸ್ತಿಯ ಏಟುಗಳು ಜೀವನಪೂರ್ತಿ ಅವನ ಮೈಯಲ್ಲಿ ನೋವಾಗಿ ಉಳಿದವು. ಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞನಾಗಿದ್ದಾಗ, ಗಾಯ ಮಾಗಿದ ಮೇಲೂ ನೋವು ಹೋಗದವರನ್ನು ಕಂಡ. ಒಬ್ಬ ಡಾಕ್ಟರಿಂದ ಇದು ಬಗೆಹರಿಯುವುದಿಲ್ಲ, ಬೇರೆ ಬೇರೆ ವಿದ್ಯೆಯವರು ಒಂದೇ ಕಡೆ ಕೂತು ಒಬ್ಬ ರೋಗಿಯನ್ನು ನೋಡಬೇಕು ಅನ್ನೋದು ಅವನಿಗೆ ಅಲ್ಲಿ ಹೊಳೆಯಿತು. 1953ರಲ್ಲಿ ನೋವಿನ ಚಿಕಿತ್ಸೆ ಬಗ್ಗೆ ದಪ್ಪ ಪುಸ್ತಕ ಬರೆದ. 1960ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿ, ಸಿಯಾಟಲ್‌ನಲ್ಲಿ ಅಂಥದ್ದೊಂದು ಕ್ಲಿನಿಕ್ ಕಟ್ಟಿದ.

ಅದೇ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ಟ್ ಫೋರ್ಡೈಸ್ ಅನ್ನೋ ಮನಶ್ಶಾಸ್ತ್ರಜ್ಞ ಇದ್ದ. ನಮ್ಮ ಮನೆ ಕಥೆಗೆ ಕೀಲಿಕೈ ಕೊಟ್ಟವನು ಇವನೇ. ನೋವು ಅವರೊಳಗೆ ಎಷ್ಟಿದೆ ಅಂತ ನನಗೆ ಕಾಣೋದಿಲ್ಲ, ನನಗೆ ಕಾಣೋದು ನೋವಿರುವವರು ಏನು ಮಾಡ್ತಾರೆ ಅನ್ನೋದು ಮಾತ್ರ ಅಂತ ಅವನು ಶುರುಮಾಡಿದ. ನರಳೋದು, ಕುಂಟೋದು, ಮಲಗೋದು, ಮಾತ್ರೆ ಕೇಳೋದು. ಸರಿ, ಅವರು ಹಾಗೆ ಮಾಡಿದ ತಕ್ಷಣ ಏನಾಗುತ್ತೆ? ಹೆಂಡತಿ ಓಡಿ ಬರುತ್ತಾಳೆ, ನರ್ಸ್ ಮಾತ್ರೆ ತರುತ್ತಾಳೆ, ಎಲ್ಲರೂ ಮಲಕ್ಕೋ ಮಲಕ್ಕೋ ಅಂತಾರೆ. ಎದ್ದು ನಾಲ್ಕು ಹೆಜ್ಜೆ ನಡೆದಾಗ? ಯಾರೂ ತಿರುಗಿ ನೋಡೋದಿಲ್ಲ, ಇಲ್ಲಾ ಬೈಯುತ್ತಾರೆ. ಸುತ್ತಲಿನವರ ಪ್ರೀತಿಯೇ ಹೀಗೆ ದಿನಾ ಸ್ವಲ್ಪ ಸ್ವಲ್ಪ ಮಲಗೋದನ್ನು ಕಲಿಸುತ್ತೆ, ನಡೆಯೋದನ್ನು ಮರೆಸುತ್ತೆ. ರೋಗಿ ನಾಟಕ ಮಾಡ್ತಿದ್ದಾನೆ ಅಂತ ಅಲ್ಲ. ಅವನಿಗೂ ಗೊತ್ತಿಲ್ಲದೆ ದೇಹ ಪಾಠ ಕಲಿಯುತ್ತಿದೆ ಅಂತ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹೆಂಡತಿ ಜಾಗದಲ್ಲಿ ನಾನಿದ್ದೆ.

ಫೋರ್ಡೈಸ್ ಮಾಡಿದ ಬದಲಾವಣೆಗಳು ಸಣ್ಣವು. ಮಾತ್ರೆಯನ್ನು ನೋವು ಬಂದಾಗ ಕೊಡಬೇಡಿ, ಗಡಿಯಾರ ನೋಡಿ ಕೊಡಿ. ಆಗ ನೋವಿಗೂ ಮಾತ್ರೆಗೂ ಗಂಟು ಬಿಚ್ಚುತ್ತೆ, ಮೆಲ್ಲಗೆ ಪ್ರಮಾಣ ಇಳಿಸಬಹುದು. ವ್ಯಾಯಾಮವನ್ನು ನೋವು ಬರುವ ತನಕ ಮಾಡಿಸಬೇಡಿ, ಲೆಕ್ಕ ಇಟ್ಟು ಮಾಡಿಸಿ. ಇವತ್ತು ಇಷ್ಟು ಹೆಜ್ಜೆ ಅಂದರೆ ಇಷ್ಟೇ. ಲೆಕ್ಕ ಮುಗಿದ ಮೇಲೆ ವಿಶ್ರಾಂತಿ. ಅಂದರೆ ವಿಶ್ರಾಂತಿ ಇನ್ನು ನೋವಿಗೆ ಸಿಗುವ ಬಹುಮಾನವಲ್ಲ, ನಡಿಗೆಗೆ ಸಿಗುವ ಬಹುಮಾನ. ಮನೆಯವರಿಗೂ ತರಬೇತಿ: ನರಳಿದಾಗ ಗಾಬರಿ ಬೀಳಬೇಡಿ, ಎದ್ದಾಗ ಮಾತಾಡಿಸಿ. 1976ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಅವನ ರೋಗಿಗಳ ಓಡಾಟ ಚೆನ್ನಾಗಿ ಹೆಚ್ಚಿತು, ಆದರೆ ನೋವು ಅದೇ ಲೆಕ್ಕದಲ್ಲಿ ಇಳಿಯಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಕೆಲಸ ವಾಪಸ್ ಬರಬೇಕಾದರೆ ನೋವು ಮೊದಲು ಹೋಗಬೇಕು ಅನ್ನೋ ಸಾಲು ಮುರಿದುಬಿತ್ತು.

ಇವನನ್ನು ಟೀಕಿಸಿದವರೂ ಇದ್ದಾರೆ. ನೀವು ನೋವು ಕಮ್ಮಿ ಮಾಡ್ತಿಲ್ಲ, ನೋವನ್ನು ಬಾಯ್ಮುಚ್ಚಿ ಸಹಿಸೋದು ಕಲಿಸ್ತಿದ್ದೀರಿ ಅಂದರು. ಆ ಮಾತಲ್ಲಿ ಹುರುಳಿಲ್ಲ ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ಮನುಷ್ಯ ನಡೆಯುವುದನ್ನು ನೋಡಿದ ಅವನು, ನಡೆಯುವವನ ತಲೆಯೊಳಗೆ ಏನಿದೆ ಅಂತ ಅಷ್ಟಾಗಿ ಕೇಳಲಿಲ್ಲ. ಅದನ್ನು ಕೇಳಿದವರು ಮುಂದಿನ ತಲೆಮಾರಿನವರು.

ಗ್ಲಾಸ್ಗೋದ ಗಾರ್ಡನ್ ವಾಡೆಲ್ ಮೂಳೆ ಸರ್ಜನ್. ಬೆನ್ನು ಕೊಯ್ಯುವ ಕಸುಬಿನವನೇ ಬೆನ್ನುನೋವನ್ನು ನೋಡುವ ರೀತಿ ತಪ್ಪು ಅಂದ. 1987ರ ಲೇಖನದಲ್ಲಿ ಅವನು ಎತ್ತಿದ ಪ್ರಶ್ನೆ ಸರಳ: ಬೆನ್ನುನೋವು ಮನುಷ್ಯನಿಗೆ ಮೊದಲಿಂದಲೂ ಇದೆ. ಆದರೆ ಬೆನ್ನುನೋವಿನಿಂದ ಕೆಲಸ ಬಿಟ್ಟು ಕೂರುವವರ ಸಂಖ್ಯೆ ಈಚಿನ ದಶಕಗಳಲ್ಲಿ ಯಾಕೆ ಹೀಗೆ ಏರಿದೆ? ಬೆನ್ನು ಬದಲಾಗಿಲ್ಲ, ಬೆನ್ನಿನ ಬಗ್ಗೆ ನಾವು ಹೇಳುವ ಮಾತು ಬದಲಾಗಿದೆ. 1993ರಲ್ಲಿ ಅವನ ತಂಡ 16 ಪ್ರಶ್ನೆಗಳ ಒಂದು ಪಟ್ಟಿ ಮಾಡಿತು. ಈ ಕೆಲಸ ಮಾಡಿದರೆ ನನ್ನ ಬೆನ್ನಿಗೆ ಹಾನಿ ಆಗುತ್ತೆ ಅಂತ ನಂಬ್ತೀರಾ ಅನ್ನೋ ಥರದವು. ದಿನದ ಕೆಲಸ ಎಷ್ಟು ನಿಂತುಹೋಗಿದೆ ಅನ್ನೋದನ್ನು ನೋವಿನ ತೀವ್ರತೆಗಿಂತ ಈ ಭಯದ ಉತ್ತರಗಳೇ ಚೆನ್ನಾಗಿ ಹೇಳಿದವು.

ಹೊತ್ತಿಗೆ ಸರಿಯಾಗಿ ಹಾಸಿಗೆಯ ಮೇಲೂ ಪರೀಕ್ಷೆ ನಡೆಯಿತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಜೊತೆಗಾರರು ಬೆನ್ನುನೋವಿನವರಲ್ಲಿ ಕೆಲವರಿಗೆ 2 ದಿನ, ಕೆಲವರಿಗೆ 7 ದಿನ ಮಲಗಿ ಅಂದರು. ಏಳು ದಿನದವರಿಗೆ ಯಾವ ಲಾಭವೂ ಆಗಲಿಲ್ಲ, ಕೆಲಸದ ದಿನ ಮಾತ್ರ ಹೆಚ್ಚು ಕಳೆದುಕೊಂಡರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 186 ನಗರಸಭೆ ನೌಕರರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಹಾಸಿಗೆ, ಒಂದಕ್ಕೆ ಬೆನ್ನಿನ ವ್ಯಾಯಾಮ, ಒಂದಕ್ಕೆ ‘ನಿಮ್ಮ ದಿನನಿತ್ಯದ ಕೆಲಸ ಆದಷ್ಟು ಮಾಡ್ಕೊಂಡಿರಿ’ ಅನ್ನೋ ಮಾತು. ಬೇಗ ಚೇತರಿಸಿಕೊಂಡವರು ಮೂರನೆಯವರು, ನಿಧಾನವಾದವರು ಹಾಸಿಗೆಯವರು.

ಸ್ಕ್ಯಾನಿನ ಕಥೆಯೂ ಕೇಳಿ. 1994ರಲ್ಲಿ ಅಮೆರಿಕದಲ್ಲೇ ಬೆನ್ನುನೋವೇ ಇಲ್ಲದ 98 ಜನರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕೂ ಸರಿಯಿದ್ದವರು 36 ಪರ್ಸೆಂಟ್ ಮಾತ್ರ. ಅಂದರೆ ಅಪ್ಪನ ರಿಪೋರ್ಟಿನಲ್ಲಿದ್ದ ಆ ಸಾಲು, ದಿಬ್ಬಣದಲ್ಲಿ ಕುಣಿಯುತ್ತಿರುವ ಅರ್ಧ ಜನರ ರಿಪೋರ್ಟಿನಲ್ಲೂ ಇರಬಹುದಿತ್ತು. ನಾವು ಆ ಹಾಳೆಯನ್ನು ದೇವರ ಫೋಟೋ ಹಿಂದೆ ಜೋಪಾನವಾಗಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದೆವು.

ಭಯದ ದಾರಿಯನ್ನು ಪೂರ್ತಿ ಬಿಡಿಸಿ ತೋರಿಸಿದವರಲ್ಲಿ ಮುಖ್ಯನಾದವನು ಯೋಹಾನ್ ವ್ಲಾಯೆನ್. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಕೆಲಸ ಮಾಡಿದವನು. ಸ್ವೀಡನ್ನಿನ ಸ್ಟೀವನ್ ಲಿಂಟನ್ ಜೊತೆ 2000ದಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಎಲ್ಲರೂ ಓದುವಂಥದ್ದು. ಅದರಲ್ಲಿ ಒಂದು ಚಕ್ರ ಇದೆ. ನೋವು ಬರುತ್ತೆ. ಇದು ದೊಡ್ಡ ಅನಾಹುತ ಅಂತ ಮನಸ್ಸು ಓದಿಕೊಂಡರೆ ಭಯ. ಭಯ ಬಂದರೆ ಅಲ್ಲಾಡೋದು ಬಿಡ್ತೀವಿ. ಬಿಟ್ಟರೆ ಮೈ ಸೊರಗುತ್ತೆ, ಮನಸ್ಸು ಕುಗ್ಗುತ್ತೆ. ಸೊರಗಿದ ಮೈಗೆ ಸಣ್ಣ ಕೆಲಸವೂ ನೋವು. ಮತ್ತೆ ಚಕ್ರ. ‘ಇದು ನೋಯುತ್ತೆ, ಆದರೆ ಹಾಳು ಮಾಡಲ್ಲ’ ಅಂತ ಓದಿಕೊಂಡವರು ಚಕ್ರಕ್ಕೆ ಬೀಳದೆ ಪಕ್ಕದ ದಾರಿಯಲ್ಲಿ ಹೋಗುತ್ತಾರೆ. ಅವನ ತಂಡ ಭಯವನ್ನು ಬಿಡಿಸಲು ಉಪದೇಶ ಮಾಡಲಿಲ್ಲ. ಬಗ್ಗೋದು, ಎತ್ತೋದು, ಗುಡಿಸೋದು ಇಂಥ ದಿನನಿತ್ಯದ ಕೆಲಸಗಳ ಫೋಟೋ ಕೊಟ್ಟು, ಯಾವುದು ಎಷ್ಟು ಅಪಾಯ ಅನಿಸುತ್ತೆ ಅಂತ ಸಾಲಾಗಿ ಜೋಡಿಸಲು ಹೇಳಿದರು. ಆಮೇಲೆ ಕಡಿಮೆ ಭಯದ್ದರಿಂದ ಶುರುಮಾಡಿ ಒಂದೊಂದಾಗಿ ಮಾಡಿಸಿ, “ನೋಡಿ, ನೀವು ಹೆದರಿದ್ದು ಆಯ್ತಾ?” ಅಂತ ಕೇಳಿದರು.

ಹಾಗಾದರೆ ಯಾರು ಏಳುತ್ತಾರೆ? ಇಷ್ಟು ದಶಕಗಳ ಅಧ್ಯಯನ ಒಟ್ಟಿಗೆ ಇಟ್ಟರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೈಯ ಚಲನೆಯ ಭಯ ಎಷ್ಟಿದೆ ಅನ್ನೋದು ಒಂದು. ನೋವನ್ನು ಕಂಡು ಇನ್ನು ಮುಗೀತು ಅಂತ ಮನಸ್ಸು ಎಷ್ಟು ಓಡುತ್ತೆ ಅನ್ನೋದು ಇನ್ನೊಂದು. ಇದನ್ನು ಅಳೆಯಲು ಕೆನಡಾದ ಮೈಕೆಲ್ ಸಲಿವನ್ 1995ರಲ್ಲಿ 13 ಪ್ರಶ್ನೆಗಳ ಪಟ್ಟಿ ಮಾಡಿದ. ಖಿನ್ನತೆ, ನಿದ್ದೆಗೇಡು ಇದ್ದರೆ ದಾರಿ ಉದ್ದವಾಗುತ್ತೆ. ವಾಪಸ್ ಹೋಗಲು ಒಂದು ಕೆಲಸ, ಅದರಲ್ಲಿ ಸ್ವಲ್ಪವಾದರೂ ಮನಸ್ಸು, ಸ್ವಲ್ಪ ಸಡಿಲ ಕೊಡುವ ಯಜಮಾನ ಇದ್ದರೆ ಹತ್ತಿರವಾಗುತ್ತೆ. ನಾನು ಹುಷಾರಾಗ್ತೀನಿ ಅನ್ನೋ ನಿರೀಕ್ಷೆಗೂ ಬೆಲೆ ಇದೆ. ನೋವು ಲೆಕ್ಕಕ್ಕೇ ಇಲ್ಲ ಅಂತಲೂ ಅಲ್ಲ. ಮೊದಲೇ ತುಂಬ ತೀವ್ರವಾಗಿದ್ದರೆ, ಮೈತುಂಬ ಹರಡಿದ್ದರೆ, ಬಹಳ ಕಾಲದ್ದಾಗಿದ್ದರೆ ಕಷ್ಟ ಹೆಚ್ಚು. ಆದರೆ ಸ್ಕ್ಯಾನಿನ ಚಿತ್ರ ಈ ಪಟ್ಟಿಯಲ್ಲಿ ಎಲ್ಲೋ ಕೆಳಗಿದೆ. 1997ರಲ್ಲಿ ನ್ಯೂಜಿಲೆಂಡ್ ಈ ಮನಸ್ಸು–ಮನೆ–ಕೆಲಸದ ಸೂಚನೆಗಳಿಗೆ ‘ಹಳದಿ ಬಾವುಟ’ ಅಂತ ಹೆಸರಿಟ್ಟು ವೈದ್ಯರಿಗೆ ಕೈಪಿಡಿಯನ್ನೇ ಕೊಟ್ಟಿತು. ಕೆಂಪು ಬಾವುಟಗಳು ಬೇರೆ ಇವೆ, ಅವನ್ನು ಮರೆಯಬೇಡಿ. ಮೂತ್ರ–ಮಲದ ಹತೋಟಿ ತಪ್ಪುವುದು, ಕಾಲಿನ ಬಲ ಕುಂದುತ್ತಾ ಹೋಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು. ಇಂಥದ್ದಿದ್ದರೆ ಈ ಲೇಖನ ಮಡಚಿಟ್ಟು ಆಸ್ಪತ್ರೆಗೆ ಹೋಗಿ.

ಈ ಎಲ್ಲದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಆಸ್ಟ್ರೇಲಿಯಾದ ಮೈಕೆಲ್ ನಿಕೊಲಸ್ ಮಾಡಿದ 10 ಪ್ರಶ್ನೆಗಳ ಪಟ್ಟಿ. ನೋವು ಎಷ್ಟಿದೆ ಅಂತ ಅದು ಕೇಳೋದೇ ಇಲ್ಲ. ನೋವಿದ್ದರೂ ಮನೆಗೆಲಸ ಮಾಡಬಲ್ಲೆನಾ, ನೋವಿದ್ದರೂ ಸ್ನೇಹಿತರನ್ನು ನೋಡಬಲ್ಲೆನಾ, ಇಂಥದ್ದು. ನನ್ನ ಕೈಲಾಗುತ್ತೆ ಅನ್ನೋ ನಂಬಿಕೆ ಎಷ್ಟಿದೆ ಅನ್ನೋದನ್ನು ಅಳೆಯುವ ಪಟ್ಟಿ. ಈ ನಂಬಿಕೆ ಹೆಚ್ಚಿದ್ದವರ ದಿನದ ಬದುಕು ನೋವಿನ ನಡುವೆಯೂ ಹೆಚ್ಚು ಉಳಿದಿರುತ್ತೆ ಅನ್ನೋದು ಅಧ್ಯಯನದಿಂದ ಅಧ್ಯಯನಕ್ಕೆ ಕಂಡುಬಂದಿದೆ. ಕನ್ನಡದಲ್ಲಿ ಇದೆಲ್ಲ ಒಂದೇ ಪ್ರತ್ಯಯದ ಆಟ. ಅಪ್ಪ ‘ಹೋದ ಮೇಲೆ’ ಅನ್ನುತ್ತಿದ್ದರು. ಪಟ್ಟಿ ‘ಇದ್ದರೂ’ ಅನ್ನುತ್ತಿತ್ತು.

ಇಲ್ಲೊಂದು ಹಳ್ಳವೂ ಇದೆ. ನಂಬಿಕೆ, ಭಯ ಅಂತೆಲ್ಲ ಹೇಳುತ್ತಾ ಹೋದರೆ ಕೊನೆಗೆ ‘ಏಳದಿದ್ದರೆ ನಿನ್ನದೇ ತಪ್ಪು’ ಅನ್ನೋ ಮಾತು ಬಂದುಬಿಡುತ್ತೆ. ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ 3,020 ಕೆಲಸಗಾರರ ಮೇಲೆ ನಡೆದ ಅಧ್ಯಯನ 1991ರಲ್ಲಿ ಬಂತು. ಕೆಲಸದಲ್ಲಿ ಖುಷಿಯೇ ಇಲ್ಲ ಅಂದವರು ಬೆನ್ನುನೋವಿನ ದೂರು ಕೊಡುವ ಸಾಧ್ಯತೆ ಹೆಚ್ಚುಕಡಿಮೆ ಯಾವಾಗಲೂ ಖುಷಿ ಇದೆ ಅಂದವರಿಗಿಂತ ಎರಡೂವರೆ ಪಟ್ಟು ಅಂತ ಕಂಡುಬಂತು. ಇದನ್ನು ‘ಸೋಮಾರಿಗಳಿಗೆ ಬೆನ್ನುನೋವು’ ಅಂತ ಓದಿಬಿಡೋದು ಸುಲಭ. ‘ಮನುಷ್ಯನನ್ನು ಹಿಂಡುವ ಕೆಲಸ ಬೆನ್ನನ್ನೂ ಹಿಂಡುತ್ತೆ’ ಅಂತಲೂ ಓದಬಹುದು. ಕೂಲಿಯವನಿಗೆ ‘ಹೆದರಬೇಡ, ಸ್ವಲ್ಪ ಸ್ವಲ್ಪ ಕೆಲಸ ಮಾಡು’ ಅಂದರೆ, ಸ್ವಲ್ಪ ಸ್ವಲ್ಪ ಕೆಲಸ ಕೊಡೋರು ಯಾರು? ಅದಕ್ಕೇ ನನಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಥೆ ಇಷ್ಟ. 1997ರಿಂದ ಅಲ್ಲಿ ರೋಗಿಯೊಬ್ಬನ ಕಿವಿಗಲ್ಲ, ಇಡೀ ರಾಜ್ಯಕ್ಕೆ ಟಿ.ವಿ.ಯಲ್ಲಿ ಹೇಳಿದರು: ಬೆನ್ನುನೋವು ಬಂದರೆ ಮಲಗಬೇಡಿ, ಓಡಾಡಿಕೊಂಡಿರಿ. ಪಕ್ಕದ ನ್ಯೂ ಸೌತ್ ವೇಲ್ಸ್‌ಗೆ ಹೋಲಿಸಿ ನೋಡಿದಾಗ ವಿಕ್ಟೋರಿಯಾದಲ್ಲಿ ಜನರ ನಂಬಿಕೆಯೂ ಬದಲಾಯಿತು, ವೈದ್ಯರದ್ದೂ ಬದಲಾಯಿತು, ಬೆನ್ನುನೋವಿನ ಪರಿಹಾರದ ಅರ್ಜಿಗಳೂ ಇಳಿದವು. 2001ರಲ್ಲಿ ರೇಚಲ್ ಬುಕ್‌ಬೈಂಡರ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಹೆದರಿಕೆ ಊರಿನದ್ದಾಗಿದ್ದರೆ ಧೈರ್ಯವೂ ಊರಿನದ್ದೇ ಆಗಬೇಕು.

ಮತ್ತೆ ಇದು ಪವಾಡವೂ ಅಲ್ಲ. ಇಂಥ ಚಿಕಿತ್ಸೆಗಳಿಂದ ಸರಾಸರಿ ಸಿಗುವ ಲಾಭ ಸಣ್ಣದು, ಹೆಚ್ಚೆಂದರೆ ಮಧ್ಯಮ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನ ಸೊಂಟನೋವಿನಲ್ಲಿದ್ದರು ಅಂತ ಅಂದಾಜು. ಅಷ್ಟು ಜನರಲ್ಲಿ ಸಣ್ಣ ಲಾಭವೂ ಸಣ್ಣದಲ್ಲ ಅನ್ನೋದು ಒಂದು ಸಮಾಧಾನ.

ಅಪ್ಪನ ವಿಷಯಕ್ಕೆ ಬರ್ತೀನಿ. ಹದಿನಾಲ್ಕನೇ ತಿಂಗಳಲ್ಲಿ ಯಾರೋ ಹೇಳಿದರು ಅಂತ ತಾಲ್ಲೂಕಿನ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿಯನ್ನು ಮನೆಗೆ ಕರೆಸಿದೆವು. ಅವಳು ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟಳು. ನೋವೆಷ್ಟು ಅಂತ ಒಂದೇ ಸಲ ಕೇಳಿದಳು. ಆಮೇಲೆ, “ಯಜಮಾನ್ರೇ, ದಿನಾ ಎಲ್ಲಿವರೆಗೆ ಹೋಗ್ತೀರ?” ಅಂದಳು. ಬಚ್ಚಲಿಗೆ ಅಂದರು. “ಎಲ್ಲಿಗೆ ಹೋಗ್ಬೇಕು ಅಂತ ಆಸೆ?” ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, “ಪಂಪ್‌ಸೆಟ್ ಮನೆತಂಕ” ಅಂದರು.

ಅವಳು ಕ್ಯಾಲೆಂಡರ್ ಹಿಂದೆ ಲೆಕ್ಕ ಬರೆದಳು. ಇವತ್ತು 20 ಹೆಜ್ಜೆ. ಚೆನ್ನಾಗಿದ್ರೂ 20, ನೋವಿದ್ರೂ 20. ನನ್ನ ಕಡೆ ತಿರುಗಿ, “ಅಕ್ಕಾ, ನೋವು ಹೆಂಗಿದೆ ಅಂತ ದಿನಾ ಕೇಳ್ಬೇಡಿ. ಇವತ್ತು ಎಲ್ಲಿಗೆ ಹೋಗಿದ್ರಿ ಅಂತ ಕೇಳಿ. ಕಾಫಿ ಜಗಲಿ ಮೇಲೆ ಕೊಡಿ” ಅಂದಳು. ನನಗೆ ಸಿಟ್ಟು ಬಂತು. ನಾನೇನು ನಮ್ಮಪ್ಪನ್ನ ಸರಿಯಾಗಿ ನೋಡ್ಕೊಂಡಿಲ್ವಾ ಅಂತ. ಫೋರ್ಡೈಸ್ ಹೆಸರು ಅವಳು ಹೇಳಲಿಲ್ಲ. ವರ್ಷಗಳ ನಂತರ ಅವನನ್ನು ಓದುವಾಗ ಆ ಕ್ಯಾಲೆಂಡರ್ ಕಣ್ಣಮುಂದೆ ಬಂತು.

ಮೊದಲ ವಾರ ನರಕ. ಅವರು “ಅಯ್ಯಮ್ಮಾ” ಅಂದರೆ ನಾನು ಅಡುಗೆಮನೆಯ ಬಾಗಿಲು ಹಿಡಿದು ನಿಂತುಕೊಳ್ಳುತ್ತಿದ್ದೆ, ಓಡಿಹೋಗದ ಹಾಗೆ. ಜಗಲಿಗೆ ಬರಲು 9 ದಿನ ಬೇಕಾಯಿತು, ಪಂಪ್‌ಸೆಟ್ ಮನೆಗೆ ನಾಲ್ಕು ತಿಂಗಳು. ನಡುವೆ ಒಮ್ಮೆ ಎರಡು ವಾರ ಪೂರ್ತಿ ಹಿಂದೆ ಬಿದ್ದರು. ಮುಂದಿನ ವರ್ಷ ತೋಟವನ್ನು ಗುತ್ತಿಗೆಯಿಂದ ಬಿಡಿಸಿಕೊಂಡರು. ಚೀಲ ಎತ್ತಲು ಆಳು ಬರುತ್ತಿದ್ದ. ಕಾಯಿ ಎಣಿಸಿ ಅಟ್ಟಕ್ಕೆ ಹಾಕಿಸೋದು, ನೀರು ಬಿಡೋದು ಅಪ್ಪನದೇ.

ನೋವು ಹೋಗಲಿಲ್ಲ. ಕೊನೆಯವರೆಗೂ ಇತ್ತು. ಒಂದು ಸಂಜೆ ತೋಟದಿಂದ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನ ಬರುತ್ತಿದ್ದರು. ಅಭ್ಯಾಸ ಬಲದಿಂದ, “ನೋವಿದೆಯೇನಪ್ಪಾ?” ಅಂತ ಕೇಳಿಬಿಟ್ಟೆ.

“ಇದೆ ಕಣಮ್ಮ, ಅದೆಲ್ಲಿ ಹೋಗುತ್ತೆ,” ಅಂದರು. “ಆ ಮೂಲೆ ಮರದ ಸುಳಿ ಯಾಕೋ ಒಣಗ್ತಾ ಇದೆ. ನಾಳೆ ಬೆಳಗ್ಗೆ ನೋಡ್ಬೇಕು, ನನ್ನ ಬೇಗ ಎಬ್ಬಿಸು.”